ಕರಾವಳಿಗೆ ಕುಟುಂಬ ಪ್ರವಾಸ: ಕಡಲಿಗೆ ಏರಿಯಿಲ್ಲ

ಶಾಲೆಗಳಿಗೆ ರಜೆ ಬಂದಿತೆಂದರೆ ಹೇರೋಹಳ್ಳಿ, ಸುಂಕದಕಟ್ಟೆ, ವಿಜಯನಗರ, ಬಸವೇಶ್ವರನಗರಗಳ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ, ಈ ಸಲ ಎಲ್ಲಿಗೆ ಎಂಬುದು. ಹಿಂದೆ ಇದಕ್ಕೆ ಉತ್ತರ ಸುಲಭವಾಗಿತ್ತು. ಸಿದ್ಧಗಂಗೆ, ಶಿವಗಂಗೆ, ಸುತ್ತೂರಿನ ಜಾತ್ರೆ, ಅದೂ ಅಲ್ಲವಾದರೆ ತಾಯಿಯ ತವರು. ಈಗಿನ ಮಕ್ಕಳು ಒಕ್ಕೊರಲಿನಿಂದ ಹೇಳುವುದು ಒಂದೇ ಮಾತು: ಸಮುದ್ರ. ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ನಾಡಿಗೆ ಸುಮಾರು 320 ಕಿಲೋಮೀಟರ್ ಉದ್ದದ ಕಡಲತೀರವಿದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಎಂಬ ಮೂರು ಜಿಲ್ಲೆಗಳಲ್ಲಿ ಹಬ್ಬಿರುವ ಈ ತೀರವು ಯಾರೊಬ್ಬರ ಸ್ವತ್ತೂ ಅಲ್ಲ. ಬಡವನೂ ಬಲ್ಲಿದನೂ ಒಂದೇ ಮರಳಿನ ಮೇಲೆ ಕುಳಿತು ಒಂದೇ ಸೂರ್ಯಾಸ್ತವನ್ನು ನೋಡಬಹುದಾದ ಸ್ಥಳಗಳು ಈ ಕಾಲದಲ್ಲಿ ಎಷ್ಟು ಉಳಿದಿವೆ?

ಆದರೆ ಹೊರಡುವ ಮುನ್ನ ಒಂದು ವಿಷಯವನ್ನು ಮನೆಮಂದಿಯೆಲ್ಲ ಕುಳಿತು ಮಾತನಾಡಿಕೊಳ್ಳುವುದು ಅಗತ್ಯವೆಂದು ನಮಗೆ ತೋರುತ್ತದೆ. ನಾವು ಕೆರೆಯ ಸೀಮೆಯ ಜನ. ಹೇರೋಹಳ್ಳಿಯ ಕೆರೆಯಾಗಲಿ, ನಮ್ಮ ಹಿರಿಯರ ಊರುಗಳ ಕಟ್ಟೆ ಕುಂಟೆಗಳಾಗಲಿ, ನಾವು ಬಲ್ಲ ನೀರು ನಿಂತ ನೀರು. ಅದಕ್ಕೆ ಏರಿಯುಂಟು, ತೂಬುಂಟು, ಕೋಡಿಯುಂಟು. ಎಲ್ಲಿ ಆಳ, ಎಲ್ಲಿ ಕೆಸರು ಎಂಬುದನ್ನು ಊರಿನ ಹಿರಿಯರು ಹೇಳಬಲ್ಲರು. ಕಡಲಿನ ಆಳವಾದರೋ ನಿನ್ನೆ ಇದ್ದಂತೆ ಇಂದು ಇರುವುದಿಲ್ಲ. ಬೆಳಗ್ಗೆ ಇದ್ದಂತೆ ಸಂಜೆ ಇರುವುದಿಲ್ಲ.

2024ರ ಡಿಸೆಂಬರ್ 10ರ ಸಂಜೆ ಮುರುಡೇಶ್ವರದಲ್ಲಿ ನಡೆದುದನ್ನು ವಾಚಕರು ಮರೆತಿರಲಾರರು. ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಶೈಕ್ಷಣಿಕ ಪ್ರವಾಸಕ್ಕೆ ಬಂದ ವಿದ್ಯಾರ್ಥಿನಿಯರಲ್ಲಿ ನಾಲ್ವರು ಅಲೆಗಳ ಪಾಲಾದರು. ಕೋಲಾರವೂ ನಮ್ಮ ಸೀಮೆಯಂತೆಯೇ ಕೆರೆಗಳ ನಾಡು. ಎಷ್ಟೋ ದಿನದಿಂದ ಹಂಬಲಿಸಿದ ಸಮುದ್ರವನ್ನು ಕಂಡ ಸಂತೋಷದಲ್ಲಿ ಮಕ್ಕಳು ನೀರಿಗೆ ಓಡುವುದು ಸಹಜ. ಅದು ಯಾವ ಬಗೆಯ ನೀರೆಂದು ಅವರಿಗೆ ಮೊದಲೇ ತಿಳಿಸಿಕೊಡುವುದು ಹಿರಿಯರ ಕೆಲಸ. ಆ ಹಿರಿಯರಿಗೇ ತಿಳಿಯದಿದ್ದರೆ ಮಾಡುವುದೇನು? ಈ ಲೇಖನವನ್ನು ಬರೆಯಲು ನಮಗೆ ಪ್ರೇರಣೆಯಾದುದು ಈ ಪ್ರಶ್ನೆಯೇ.

ಮೊದಲಿಗೆ ಉಬ್ಬರ ಇಳಿತಗಳ ವಿಚಾರ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ನೀರು ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಒಂದು ಏರಿಕೆಗೂ ಅದರ ಮುಂದಿನ ಇಳಿಕೆಗೂ ಆರು ಗಂಟೆಗಿಂತ ತುಸು ಹೆಚ್ಚಿನ ಅಂತರ. ಆದಕಾರಣ ಈ ಹೊತ್ತುಗಳು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತವೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದುಗೂಡುವುದರಿಂದ ಉಬ್ಬರವು ಹೆಚ್ಚು, ಇಳಿತವೂ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಕಡಿಮೆ. ಇದನ್ನು ತಿಳಿಯಲು ದೊಡ್ಡ ಗ್ರಂಥಗಳು ಬೇಕಿಲ್ಲ, ಅಡುಗೆಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗದ ಹಾಳೆಯೇ ಸಾಕು. ನೀರು ಇಳಿದಿದ್ದಾಗ ನಡೆದುಕೊಂಡೇ ಹೋಗಿ ಹತ್ತಿದ ಬಂಡೆಯು, ಎರಡು ಮೂರು ಗಂಟೆ ಕಳೆಯುವಷ್ಟರಲ್ಲಿ ಸುತ್ತಲೂ ನೀರು ತುಂಬಿದ ನಡುಗಡ್ಡೆಯಾಗಬಲ್ಲದು. ಗೋಕರ್ಣದ ಓಂ ತೀರದಲ್ಲಿ ಬಂಡೆಯ ತುದಿಯಲ್ಲಿ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವ ತರುಣರಿಗೆ ಇದನ್ನು ಮುಖ್ಯವಾಗಿ ಹೇಳಬೇಕು. ಪಾಚಿ ಹಿಡಿದ ಬಂಡೆ ಎಣ್ಣೆ ಸವರಿದ ಕಲ್ಲಿಗಿಂತ ಕಡೆ.

ಎರಡನೆಯದು, ಇದಕ್ಕಿಂತ ಮುಖ್ಯವಾದುದು, ಸೆಳೆತ. ಕಡಲಿನಲ್ಲಿ ಮುಳುಗಿದವರನ್ನು ದೊಡ್ಡ ಅಲೆಯೊಂದು ಬಂದು ಎತ್ತಿಕೊಂಡು ಹೋಯಿತೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಬಹುಪಾಲು ನಡೆಯುವುದು ಹಾಗಲ್ಲ. ಅಲೆಗಳು ಒಂದರ ಮೇಲೊಂದು ದಡಕ್ಕೆ ತಂದು ಸುರಿದ ನೀರು ಹಿಂದಿರುಗಲೇಬೇಕಷ್ಟೆ. ಅದು ತೀರದುದ್ದಕ್ಕೂ ಸಮವಾಗಿ ಹಿಂದಿರುಗುವುದಿಲ್ಲ. ನೀರಿನ ಅಡಿಯಲ್ಲಿರುವ ಮರಳ ದಿಬ್ಬಗಳ ನಡುವೆ ಎಲ್ಲಿ ಸಂದು ಸಿಕ್ಕಿತೋ ಅಲ್ಲಿ ಒಟ್ಟುಗೂಡಿ, ಕಿರಿದಾದ ಹೊಳೆಯಂತೆ ಕಡಲಿನತ್ತ ಹರಿಯುತ್ತದೆ. ಈ ಹರಿವಿನ ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರನ್ನು ಮುಟ್ಟುವುದುಂಟು. ನುರಿತ ಈಜುಗಾರನೂ ಅದನ್ನು ಎದುರಿಸಿ ಗೆಲ್ಲಲಾರ. ವಿಪರ್ಯಾಸವೆಂದರೆ, ಸೆಳೆತವಿರುವ ಜಾಗ ನೋಡುವ ಕಣ್ಣಿಗೆ ಅತ್ಯಂತ ಶಾಂತವಾಗಿ ಕಾಣಿಸುತ್ತದೆ. ಎಡಬಲಗಳಲ್ಲಿ ಅಲೆಗಳು ಬಿಳಿ ನೊರೆಯಾಗಿ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯುವುದಿಲ್ಲ, ನೀರಿನ ಬಣ್ಣ ಕಪ್ಪಗಿರುತ್ತದೆ, ಇಲ್ಲವೇ ಮರಳು ಕದಡಿ ಕಂದಾಗಿರುತ್ತದೆ. ಕೆರೆಯ ಜನರಾದ ನಾವು ಅಲೆಯಿಲ್ಲದ ಜಾಗವೇ ಮಕ್ಕಳಿಗೆ ಕ್ಷೇಮವೆಂದು ತಿಳಿದು ಅವರನ್ನು ಅಲ್ಲಿಗೇ ಕರೆದೊಯ್ಯುತ್ತೇವೆ!

ಸೆಳೆತವು ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಅಲೆಗಳು ಒಡೆಯುವ ಗೆರೆಯನ್ನು ದಾಟಿದ ಬಳಿಕ ಅದರ ಬಲ ಕುಗ್ಗುತ್ತದೆ. ಹೀಗಿರುವಾಗ ಜನ ಸಾಯುವುದೇಕೆ? ಗಾಬರಿಯಿಂದ ದಡದ ಕಡೆಗೇ ಈಜಲು ಹೆಣಗಿ, ದಣಿದು, ಉಸಿರು ಕಳೆದುಕೊಳ್ಳುವುದರಿಂದ. ಸಿಲುಕಿದವರು ಮಾಡಬೇಕಾದದ್ದು, ಹರಿವಿನೊಡನೆ ಕಾದಾಡದೆ ತೇಲುವುದು, ಕೈಯೆತ್ತಿ ಕರೆಯುವುದು, ಈಜು ಬಲ್ಲವರಾದರೆ ದಡಕ್ಕೆ ಸಮಾನಾಂತರವಾಗಿ ಎಡಕ್ಕೋ ಬಲಕ್ಕೋ ಸ್ವಲ್ಪ ದೂರ ಈಜಿ, ಆಮೇಲೆ ಅಲೆಗಳ ಜೊತೆಗೇ ದಡದತ್ತ ಬರುವುದು. ದಡದಲ್ಲಿರುವವರು ಮಾಡಬಾರದ ಕೆಲಸವೊಂದಿದೆ. ಒಬ್ಬರ ಕೈಯನ್ನು ಒಬ್ಬರು ಹಿಡಿದು ಸಾಲಾಗಿ ನೀರಿಗಿಳಿಯುವುದು. ಒಬ್ಬನನ್ನು ಉಳಿಸಹೋಗಿ ಒಂದೇ ಮನೆಯ ಇಬ್ಬರು ಮೂವರು ಹೋದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ತೇಲುವ ವಸ್ತುವನ್ನು ಎಸೆಯಬೇಕು. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ನೀರಿನ ಕ್ಯಾನೂ ಆದೀತು. ಕೂಡಲೇ ಜೀವರಕ್ಷಕರನ್ನು ಕೂಗಬೇಕು, ಇಲ್ಲದಿದ್ದಲ್ಲಿ 112ಕ್ಕೆ ಕರೆ ಮಾಡಬೇಕು.

ಈ ಮಾತುಗಳನ್ನು ಕೇಳಿ ಪ್ರವಾಸವೇ ಬೇಡವೆಂದು ಯಾರೂ ನಿರ್ಧರಿಸಬೇಕಾಗಿಲ್ಲ. ಎಲ್ಲಿ ಇಳಿಯಬೇಕು, ಎಲ್ಲಿ ದಡದಲ್ಲಿ ನಿಂತು ನೋಡಿ ತೃಪ್ತರಾಗಬೇಕು ಎಂಬ ವಿವೇಚನೆ ಇದ್ದರಾಯಿತು. ಮಕ್ಕಳಿಗೆ ನೀರಿನಲ್ಲಿ ಆಡಲೇಬೇಕೆಂದಿದ್ದರೆ ನಾವು ಮೊದಲು ಹೆಸರಿಸುವುದು ಉಡುಪಿ ಜಿಲ್ಲೆಯ ಪಡುಬಿದ್ರಿ ಹಾಗೂ ಹೊನ್ನಾವರ ತಾಲ್ಲೂಕಿನ ಕಾಸರಕೋಡು ತೀರಗಳನ್ನು. ಡೆನ್ಮಾರ್ಕಿನಲ್ಲಿ ಕೇಂದ್ರವುಳ್ಳ ಪರಿಸರ ಶಿಕ್ಷಣ ಪ್ರತಿಷ್ಠಾನವೊಂದು ನೀಡುವ ‘ನೀಲಿ ಬಾವುಟ’ ಅಥವಾ ಬ್ಲೂ ಫ್ಲಾಗ್ ಮನ್ನಣೆಯು 2020ರ ಅಕ್ಟೋಬರಿನಲ್ಲಿ ಭಾರತದ 8 ತೀರಗಳಿಗೆ ದೊರೆತಾಗ ಅವುಗಳಲ್ಲಿ ಇವೆರಡೂ ಸೇರಿದ್ದವು. ಈ ಮನ್ನಣೆಗೆ 33 ನಿಯಮಗಳಿವೆ. ನೀರಿನ ಶುದ್ಧತೆಯ ಪರೀಕ್ಷೆ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು, ಪ್ರಥಮ ಚಿಕಿತ್ಸೆ, ಗಾಲಿಕುರ್ಚಿಯವರಿಗೆ ಇಳಿಜಾರು ದಾರಿ ಇವೆಲ್ಲ ಅದರಲ್ಲಿ ಬರುತ್ತವೆ. ವರ್ಷ ವರ್ಷವೂ ನವೀಕರಣವಾಗಬೇಕೆಂಬ ಕಟ್ಟಳೆಯೂ ಉಂಟು. ಇದನ್ನು ಬರಿಯ ಬಿರುದೆಂದು ಕಡೆಗಣಿಸುವವರಿದ್ದಾರೆ. ವಯಸ್ಸಾದ ಅತ್ತೆಯನ್ನೂ ಎಳೆಯ ಮಗುವನ್ನೂ ಕರೆದುಕೊಂಡು ಹೋದ ಗೃಹಿಣಿಯನ್ನು ಕೇಳಿ ನೋಡಿ, ಶುಚಿಯಾದ ಶೌಚಾಲಯದ ಬೆಲೆ ಏನೆಂದು ಆಕೆ ಹೇಳುತ್ತಾಳೆ.

ನಮ್ಮ ಬಡಾವಣೆಯ ಕೆಲವು ಕುಟುಂಬಗಳೊಡನೆ ನಾವು ಪಡುಬಿದ್ರಿಗೆ ಹೋಗಿದ್ದಾಗ, ತುಮಕೂರು ಸೀಮೆಯ ಹಳ್ಳಿಯಲ್ಲಿ ಬಾಳಿದ ವೃದ್ಧೆಯೊಬ್ಬರು ಜೊತೆಗಿದ್ದರು. ಸಮುದ್ರವನ್ನು ಕಾಣುವುದು ಅವರಿಗೆ ಅದೇ ಮೊದಲು. ಬಹಳ ಹೊತ್ತು ಸುಮ್ಮನೆ ನಿಂತು ನೋಡಿ, ‘ಇದಕ್ಕೆ ಏರಿ ಎಲ್ಲಿದೆ?’ ಎಂದು ಕೇಳಿದರು. ಮಕ್ಕಳು ನಕ್ಕರು. ನಮಗೆ ಮಾತ್ರ ಅದು ನಗುವ ಮಾತೆನಿಸಲಿಲ್ಲ. ಆ ತಾಯಿ ಪಾದ ನೆನೆಯುವಷ್ಟು ನೀರಿನಲ್ಲಿ ನಿಂತು, ಅಲೆ ಹಿಂದಿರುಗುವಾಗ ಕಾಲಡಿಯ ಮರಳು ಜಾರುವುದನ್ನು ಅರಿತು, ‘ನೆಲವನ್ನೇ ಎಳೆದುಕೊಂಡು ಹೋಗುತ್ತದಲ್ಲ’ ಎನ್ನುತ್ತ ಹಿಂದೆ ಸರಿದರು. ಅಂದು ಕಡಲನ್ನು ಸರಿಯಾಗಿ ಅರ್ಥಮಾಡಿಕೊಂಡವರು ನಮ್ಮ ಗುಂಪಿನಲ್ಲಿ ಅವರೊಬ್ಬರೇ ಇರಬೇಕು.

ಬಾವುಟಗಳ ಭಾಷೆಯನ್ನು ಮಕ್ಕಳಿಗೆ ಮನೆಯಲ್ಲಿಯೇ ಕಲಿಸಬಹುದು. ಮೇಲರ್ಧ ಕೆಂಪು, ಕೆಳಗಿನರ್ಧ ಹಳದಿ ಇರುವ ಎರಡು ಬಾವುಟಗಳ ನಡುವಿನ ಜಾಗ ಜೀವರಕ್ಷಕರ ಕಣ್ಗಾವಲಿನಲ್ಲಿರುವ ಸ್ಥಳ. ಬರಿಯ ಹಳದಿ ಎಂದರೆ ಎಚ್ಚರಿಕೆ. ಕೆಂಪು ಹಾರಿದರೆ ಇಳಿಯುವಂತಿಲ್ಲ, ಅಷ್ಟೇ. ಜೀವರಕ್ಷಕ ಸಿಳ್ಳೆ ಹಾಕಿದರೆ ‘ನಾವು ದುಡ್ಡು ಕೊಟ್ಟು ಬಂದಿದ್ದೇವೆ’ ಎಂದು ವಾದಿಸುವ ಮಹನೀಯರನ್ನು ನಾವು ಕಂಡಿದ್ದೇವೆ. ಆತ ದಿನವೂ ಅದೇ ನೀರನ್ನು ನೋಡುವವನು; ಬಹಳ ಸಲ ಮೀನುಗಾರರ ಮನೆಯ ಮಗ. ಮಂಗಳೂರಿನ ಪಣಂಬೂರು, ಉಡುಪಿಯ ಮಲ್ಪೆ ಮೊದಲಾದ ಜನನಿಬಿಡ ತೀರಗಳಲ್ಲಿಯೂ ಜೀವರಕ್ಷಕರಿರುತ್ತಾರೆ. ಆದರೆ ಜನ ಹೆಚ್ಚಿರುವುದೇ ಕ್ಷೇಮದ ಗುರುತೆಂದು ತಿಳಿಯಬಾರದು. 2022ರ ಮೇ ತಿಂಗಳಿನಲ್ಲಿ ಮಲ್ಪೆಯಲ್ಲಿ ಪ್ರವಾಸಿಗರಿಗಾಗಿ ತೆರೆದ ತೇಲುವ ಸೇತುವೆಯು ಕೆಲವೇ ದಿನಗಳಲ್ಲಿ ಅಲೆಗಳ ಹೊಡೆತಕ್ಕೆ ಬಿಡಿಬಿಡಿಯಾಯಿತು. ಅದೃಷ್ಟವಶಾತ್ ಆಗ ಅದರ ಮೇಲೆ ಜನರಿರಲಿಲ್ಲ.

ನದಿಗಳು ಕಡಲನ್ನು ಸೇರುವ ಅಳಿವೆಗಳು ನೋಡಲು ಅತ್ಯಂತ ಚೆಲುವಾದವು. ಸೀತಾ ಸುವರ್ಣಾ ನದಿಗಳು ಕೂಡಿ ಕಡಲಿಗೆ ಬೀಳುವ ಕೋಡಿಬೆಂಗ್ರೆ, ಕುಂದಾಪುರದ ಕೋಡಿ, ಶರಾವತಿ ಸಂಗಮಿಸುವ ಹೊನ್ನಾವರ, ಇವೆಲ್ಲ ಕಣ್ಣಿಗೆ ಹಬ್ಬ. ಸ್ನಾನಕ್ಕೆ ಮಾತ್ರ ಸಲ್ಲವು. ಹೊಳೆಯ ಹರಿವೂ ಕಡಲಿನ ಇಳಿತವೂ ಒಂದಾದಾಗ ಅಲ್ಲಿನ ನೀರಿಗೆ ಬರುವ ಬಲವನ್ನು ತಡೆಯಬಲ್ಲವರಿಲ್ಲ. ಒಂದು ಬದಿಗೆ ಸೌಪರ್ಣಿಕೆ, ಇನ್ನೊಂದು ಬದಿಗೆ ಅರಬ್ಬೀ ಸಮುದ್ರ, ನಡುವೆ ಹೆದ್ದಾರಿ ಇರುವ ಮರವಂತೆಯೂ ಹಾಗೆಯೇ. ವಾಹನ ನಿಲ್ಲಿಸಿ ನೋಡಿ, ಇಳಿಯಬೇಡಿ. ಕಾಸರಕೋಡಿನ ಬಳಿ ಶರಾವತಿಯ ಕಾಂಡ್ಲಾ ಕಾಡಿನ ನಡುವೆ ಮರದ ಹಲಗೆಗಳ ನಡೆದಾರಿಯೊಂದಿದೆ. ಉಪ್ಪು ನೀರಿನಲ್ಲಿ ಬೇರುಗಳನ್ನು ಮೇಲೆತ್ತಿ ಉಸಿರಾಡುವ ಮರಗಳನ್ನು ಮಕ್ಕಳಿಗೆ ತೋರಿಸಲು ಅದಕ್ಕಿಂತ ಸೊಗಸಾದ ಜಾಗವನ್ನು ನಾವು ಕಂಡಿಲ್ಲ.

ಇನ್ನೊಂದು ಮಾತನ್ನು ನಮ್ಮ ಮನೆಗಳವರಿಗೆಂದೇ ಹೇಳಬೇಕು. ಇಷ್ಟಲಿಂಗವನ್ನು ಧರಿಸಿದವರು ಅಲೆಯಲ್ಲಿ ಮೀಯುವಾಗ ಶಿವದಾರ ಸಡಿಲವಾಗಿ ಕರಡಿಗೆ ಕಳಚಿಹೋದರೆ ಆಗುವ ಸಂಕಟ ಅಷ್ಟಿಷ್ಟಲ್ಲ. ತೆಗೆದಿಡಲು ಒಪ್ಪದ ಹಿರಿಯರು ವಸ್ತ್ರದಲ್ಲಿ ಸುತ್ತಿ ಎದೆಗೆ ಬಿಗಿಯಾಗಿ ಕಟ್ಟಿಕೊಂಡು, ಮೊಣಕಾಲು ಮೀರದ ನೀರಿನಲ್ಲಿಯೇ ನಿಲ್ಲುವುದು ಲೇಸು. ಸೀರೆಯುಟ್ಟವರ ಮಾತೂ ಅದೇ. ನೆನೆದ ಸೀರೆ ಕಾಲಿಗೆ ಸುತ್ತಿಕೊಂಡರೆ ಸಣ್ಣ ಅಲೆಯೂ ಕೆಡವುತ್ತದೆ. ಮಕ್ಕಳ ವಿಷಯದಲ್ಲಿ, ಪ್ರತಿ ಎಳೆಯ ಮಗುವಿಗೂ ಒಬ್ಬ ಹಿರಿಯರು ಕೈಯಳತೆಯಲ್ಲಿ ಇರಬೇಕು. ‘ಎಲ್ಲರೂ ನೋಡುತ್ತಿದ್ದಾರೆ’ ಎನ್ನುವಲ್ಲಿ ಯಾರೂ ನೋಡುತ್ತಿರುವುದಿಲ್ಲ.

ಊಟ ಉಪಚಾರದ ಬಗ್ಗೆ ಚಿಂತಿಸುವ ಕಾರಣವಿಲ್ಲ. ಉಡುಪಿಯ ಸೀಮೆಯಲ್ಲಿ ಸಸ್ಯಾಹಾರಕ್ಕೆ ಕೊರತೆಯೇ? ಆದರೂ ಎರಡು ದಿನಕ್ಕಾಗುವಷ್ಟು ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವ ನಮ್ಮ ರೂಢಿ ಒಳ್ಳೆಯದೇ. ಕಾಗದ ಪ್ಲಾಸ್ಟಿಕ್ಕುಗಳನ್ನು ಮರಳಿನಲ್ಲಿ ಹೂತು ಬರುವುದು ಮಾತ್ರ ಬೇಡ. ಚಳಿಗಾಲದ ತಿಂಗಳುಗಳಲ್ಲಿ ಕುಂದಾಪುರದ ಕೋಡಿಯಿಂದ ಉತ್ತರ ಕನ್ನಡದವರೆಗೆ ಕಡಲಾಮೆಗಳು ರಾತ್ರಿ ದಡಕ್ಕೆ ಬಂದು ಮರಳು ತೋಡಿ ಮೊಟ್ಟೆಯಿಡುತ್ತವೆ. ಮೇಲಾಗಿ ತೀರವು ನಮಗೆ ವಿಹಾರದ ಸ್ಥಳವಾದರೆ ಮೊಗವೀರರಿಗೆ, ಖಾರ್ವಿಗಳಿಗೆ ಅದು ದುಡಿಮೆಯ ಅಂಗಳ. ಕೈರಂಪಣಿ ಬಲೆಯನ್ನು ಹತ್ತಾರು ಮಂದಿ ಎಳೆಯುತ್ತಿರುವಾಗ ಹಗ್ಗ ದಾಟಿ ಓಡಾಡುವುದು, ಒಣಹಾಕಿದ ಮೀನನ್ನು ಕಂಡು ಮೂಗು ಮುಚ್ಚಿಕೊಂಡು ಟೀಕಿಸುವುದು ಸಭ್ಯರ ಲಕ್ಷಣವಲ್ಲ.

ಕರಾವಳಿಯೆಂದರೆ ತೀರವೊಂದೇ ಅಲ್ಲ. ಅಲ್ಲಿನ ಉದ್ಯಾನಗಳನ್ನು ನಮ್ಮ ಜನ ಅಷ್ಟಾಗಿ ಗಮನಿಸುವುದಿಲ್ಲವೆಂಬುದು ನಮ್ಮ ದೂರು. ಮಂಗಳೂರಿನ ಹೊರವಲಯದ ಪಿಲಿಕುಳ ನಿಸರ್ಗಧಾಮಕ್ಕೆ ಒಂದು ಇಡೀ ದಿನ ಕೊಟ್ಟರೂ ಸಾಲದು. ತುಳುವಿನಲ್ಲಿ ‘ಪಿಲಿ’ ಎಂದರೆ ಹುಲಿ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳವೆಂದು ಈ ಹೆಸರು. ಸುಮಾರು 370 ಎಕರೆಯ ಈ ಧಾಮದಲ್ಲಿ ಮೃಗಾಲಯ, ಪಶ್ಚಿಮ ಘಟ್ಟದ ಮರಗಳ ಸಸ್ಯಕಾಶಿ, ಗುತ್ತಿನ ಮನೆ, ಕುಶಲಕರ್ಮಿಗಳ ಗ್ರಾಮ, ವಿಜ್ಞಾನ ಕೇಂದ್ರ ಹಾಗೂ 2018ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ತಾರಾಲಯಗಳಿವೆ. ನಗರದೊಳಗಿನ ಕದ್ರಿ ಉದ್ಯಾನ ಸಂಜೆಯ ನಡಿಗೆಗೆ ಹಿತ. ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಫಲ್ಗುಣಿ ಹೊಳೆಯನ್ನು ದಾಟಿದರೆ ತಣ್ಣೀರುಬಾವಿ; ಅಲ್ಲಿ ಅರಣ್ಯ ಇಲಾಖೆಯ ವೃಕ್ಷೋದ್ಯಾನವೂ ಕಡಲತೀರವೂ ಅಕ್ಕಪಕ್ಕದಲ್ಲಿವೆ. ಕೋಟದಲ್ಲಿ ಶಿವರಾಮ ಕಾರಂತರ ಹೆಸರಿನ ಥೀಮ್ ಪಾರ್ಕ್ ಇದೆ. ಉತ್ತರದ ತುದಿಯ ಕಾರವಾರದ ತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ತರುಣ ರವೀಂದ್ರರು ಆ ಊರಿನಲ್ಲಿ ಕೆಲಕಾಲ ತಂಗಿದ್ದರು. ದಡದಲ್ಲಿಯೇ ನಿಲ್ಲಿಸಿರುವ ‘ಚಪಲ್’ ಯುದ್ಧನೌಕೆಯ ಒಳಹೊಕ್ಕು ಬಂದ ಹುಡುಗರು ನೀರಾಟವನ್ನೇ ಮರೆಯುತ್ತಾರೆ.

ಕರಾವಳಿಯು ನಮ್ಮವರಿಗೆ ಹೊರಗಿನ ಸೀಮೆ ಎಂಬ ಭಾವನೆ ಕೆಲವರಲ್ಲಿದೆ. ಇತಿಹಾಸ ಹಾಗೆ ಹೇಳುವುದಿಲ್ಲ. ಕೆಳದಿಯ ವೀರಶೈವ ಅರಸರು ಘಟ್ಟದ ಮೇಲಿನ ಇಕ್ಕೇರಿ, ಬಿದನೂರುಗಳಿಂದ ಹೊನ್ನಾವರ, ಬಸರೂರು, ಮಂಗಳೂರುಗಳ ಬಂದರುಗಳನ್ನು ಆಳಿದರು; ಗೋವೆಯ ಪೋರ್ಚುಗೀಸರು ಅಕ್ಕಿಗಾಗಿ ಇವರನ್ನು ಅವಲಂಬಿಸಿದ್ದರು. 17ನೆಯ ಶತಮಾನದ ನಡುಭಾಗದಲ್ಲಿ ಆಳಿದ ಶಿವಪ್ಪನಾಯಕನು ಕಟ್ಟಿಸಿದನೆನ್ನುವ ಬೇಕಲದ ಕೋಟೆ ಇಂದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿದೆ. ಮಂಗಳೂರಿನಿಂದ ದಕ್ಷಿಣಕ್ಕೆ ಒಂದೆರಡು ಗಂಟೆಗಳ ದಾರಿ. ನೀರಿಗಿಳಿಯದೆ ಕಡಲನ್ನು ಮನದಣಿಯೆ ನೋಡಬೇಕೆನ್ನುವವರಿಗೆ ಆ ಕೋಟೆಯ ಕೊತ್ತಲಗಳಿಗೆ ಸಮನಾದ ಸ್ಥಳವಿಲ್ಲ. ನಮ್ಮ ಭಾಗದಿಂದ ಹೋದವರಲ್ಲಿ ಅದನ್ನು ನೋಡಿ ಬಂದವರು ಬೆರಳೆಣಿಕೆಯಷ್ಟು.

ಹೋಗುವ ಕಾಲ ನವೆಂಬರಿನಿಂದ ಫೆಬ್ರವರಿಯವರೆಗೆ ಉತ್ತಮ. ಏಪ್ರಿಲ್ ಮೇ ತಿಂಗಳುಗಳ ಸೆಕೆಯನ್ನು ನಮ್ಮ ಬೆಂಗಳೂರಿನ ಮಕ್ಕಳು ತಾಳಲಾರರು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕಡಲು ಕೆರಳಿರುತ್ತದೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪದ ಕಲ್ಲುಕಂಬಗಳನ್ನು ನೋಡಲು ಹೋಗುವ ದೋಣಿಗಳೂ ಮಳೆಗಾಲದಲ್ಲಿ ನಿಲ್ಲುತ್ತವೆ. ರೈಲಿನಲ್ಲಿ ಹೋಗುವವರಿಗೆ ಬೆಂಗಳೂರು-ಕಾರವಾರ ನಡುವಿನ ಪಂಚಗಂಗಾ ಎಕ್ಸ್‌ಪ್ರೆಸ್ ಉಡುಪಿ, ಕುಂದಾಪುರ, ಹೊನ್ನಾವರಗಳ ಮೂಲಕ ಸಾಗುತ್ತದೆ. ಸಕಲೇಶಪುರ ಸುಬ್ರಹ್ಮಣ್ಯ ನಡುವಿನ ಘಟ್ಟದಲ್ಲಿ 57 ಸುರಂಗಗಳು. ಹಗಲು ಗಾಡಿ ದೊರೆತರೆ ಮಕ್ಕಳು ಅವನ್ನು ಎಣಿಸುತ್ತ ಹೊತ್ತು ಕಳೆದಾರು. ಬಾಡಿಗೆ ವಾಹನದಲ್ಲಿ ರಾತ್ರಿಯಿಡೀ ಘಟ್ಟ ಇಳಿದು, ನಿದ್ದೆಗೆಟ್ಟು, ಬೆಳಗ್ಗೆ ದೇವರ ದರ್ಶನ ಮುಗಿಸಿ ನೇರ ನೀರಿಗೆ ಬೀಳುವ ಪದ್ಧತಿ ನಮಗೆ ಸರಿಕಾಣುವುದಿಲ್ಲ. ದಣಿದ ದೇಹಕ್ಕೆ ಕಡಲು ಇನ್ನಷ್ಟು ಭಾರ.

ಸೂರ್ಯ ಮುಳುಗುವ ಹೊತ್ತಿಗೆ ಜೀವರಕ್ಷಕರು ತಮ್ಮ ಕೆಲಸ ಮುಗಿಸಿ ಹೊರಡುತ್ತಾರೆ, ಬೆಳಕೂ ಇಳಿಯುತ್ತದೆ. ಆ ಹೊತ್ತಿಗೆ ಎಲ್ಲರೂ ನೀರಿನಿಂದ ಮೇಲೆ ಬಂದಿರಬೇಕು. ಅದಕ್ಕೆ ಮುನ್ನ ಒಂದು ಸಂಜೆಯನ್ನು ಉಡುಪಿಗೆ ದಕ್ಷಿಣದಲ್ಲಿರುವ ಕಾಪುವಿಗೆ ಮೀಸಲಿಡಬಹುದು. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ದೀಪಸ್ತಂಭ ಅಲ್ಲಿದೆ. ಸಂಜೆಯ ವೇಳೆ ಸಾರ್ವಜನಿಕರಿಗೆ ಹತ್ತಲು ಅವಕಾಶವಿರುತ್ತದೆ. ಮೆಟ್ಟಿಲುಗಳು ಕಿರಿದಾದುದರಿಂದ ಮಂಡಿನೋವಿನ ಹಿರಿಯರು ಕೆಳಗೆ ಬಂಡೆಯ ಬಳಿ ಕುಳಿತಿರಲಿ. ಮೇಲಿನಿಂದ ನೋಡಿದರೆ ಬಿಳಿ ನೊರೆಯ ಸಾಲುಗಳ ನಡುವೆ ಅಲ್ಲಲ್ಲಿ ಕಡಲಿನತ್ತ ಚಾಚಿದ ಕಪ್ಪು ಪಟ್ಟಿಗಳು ಕಂಡಾವು. ಮಕ್ಕಳಿಗೆ ಬೆರಳು ಮಾಡಿ ತೋರಿಸಿ, ಸೆಳೆತವೆಂದರೆ ಅದೇ ಎಂದು ಹೇಳಿ.